ಒತ್ತು, ಹಿಡಿ, ಬಿಡು

ಓನಿ ಊರಿಗಿಳಿಯುವ ಕೊನೆಯ ತಿರುವಿನಲ್ಲಿ
ಪೆಡಲು ಕಾಲಡಿಗೆ ಹೋದದ್ದು ಹೀಗೆ:
ನಾದಿಟ್ಟ ಹಿಟ್ಟಿನೊಳಗೆ ಹೆಬ್ಬೆರಳು ಇಳಿದ ಹಾಗೆ.
ವ್ಯಾನು ನಿಂತಿತು, ನಿಲ್ಲಬೇಕಾದ್ದಕ್ಕಿಂತ ಒಂದು ಮಾರು ಆಚೆ,
ರಸ್ತೆ ತನ್ನದೆಂದು ಮಲಗಿದ್ದ ಹಸುವಿನ ಮೂತಿಯ ಬಳಿ.
ಅದು ಕಿವಿಯನ್ನೂ ಆಡಿಸಲಿಲ್ಲ.
ನನ್ನ ಬೆನ್ನಿಗೆ ಏಳು ಜನ, ಮೂರು ಚೀಲ ಹುರುಳಿಕಾಯಿ ಬೀಜ,
ಕುತೈಸಿಯಿಂದ ತಂದ ಒಂದು ಹೊಲಿಗೆಯಂತ್ರ.
ಯಾರಿಗೂ ತಿಳಿಯಲಿಲ್ಲ.
ನನ್ನ ಬಲಗಾಲಿಗೆ ತಿಳಿಯಿತು.

ಸುಳ್ಳು ಯಾಕೆ, ವಾರದಿಂದ ಗೊತ್ತಿತ್ತು.
ಹೊಸ ಪ್ಯಾಡು, ಕೂರಲಿ, ಸರಿಹೋಗುತ್ತದೆ
ಅಂದುಕೊಂಡು ಓಡಿಸಿದೆ.

ಮನೆಯಂಗಳದಲ್ಲಿ ಮುಚ್ಚಳ ಎತ್ತಿದೆ.
ಡಬ್ಬಿಯ ಎಣ್ಣೆ ಎರಡು ಗೀಟುಗಳ ನಡುವೆಯೇ ಇದೆ.
ನಾಲ್ಕೂ ಚಕ್ರದ ಒಳಮೈಗೆ ಕೈಹಾಕಿ ಸವರಿದೆ:
ಧೂಳು, ಕರಿ, ಒಣ ಕೆಸರು. ಜಿಡ್ಡಿಲ್ಲ.
ಒತ್ತಿ ಹಿಡಿದು ನೂರು ಎಣಿಸಿದೆ:
ಜಾರಲಿಲ್ಲ. ಅಲ್ಲಿಗೆ ಮಾಸ್ಟರ್ ಸಿಲಿಂಡರು ನಿರಪರಾಧಿ.
ಪಟಪಟನೆ ಮೂರು ಸಲ ತುಳಿದರೆ ಎದ್ದು ಗಟ್ಟಿಯಾಗುತ್ತದೆ,
ಒಂದು ಗಳಿಗೆ ಬಿಟ್ಟರೆ ಮತ್ತೆ ಹಿಟ್ಟು.
ಎಣ್ಣೆ ಕುಗ್ಗುವ ಜಾತಿಯಲ್ಲ.
ಕುಗ್ಗುವುದು ಗಾಳಿ.

ಗಾಳಿ ತೆಗೆಯಲು ಇಬ್ಬರು ಬೇಕು.
ಅಕ್ಟೋಬರು; ಊರಿಗೆ ಊರೇ ದ್ರಾಕ್ಷಿ ಕೊಯ್ಲಿಗೆ ಹೋಗಿದೆ.
ಬೇಲಿಯಾಚೆ ಉಳಿದವನು ನನ್ನ ತಮ್ಮ ಬೊಂದೊ,
ಬೆನ್ನು ನೋವೆಂದು ಉಳಿದವನು.
ಹದಿನಾಲ್ಕು ತಿಂಗಳಿಂದ ಮಾತಿಲ್ಲ ನಮ್ಮಲ್ಲಿ.
ನಾನು ಕುತೈಸಿಗೆ ಹೋಗಿದ್ದ ಒಂದು ಹಗಲಿನಲ್ಲಿ
ಇಬ್ಬರಿಗೂ ಸೇರಿದ ಅಕ್ರೋಟು ಮರವನ್ನು
ಹಲಗೆ ವ್ಯಾಪಾರಿಗೆ ಮಾರಿದ್ದ.
ಸಂಜೆ ಬಂದು ನೋಡಿದರೆ ಹಟ್ಟಿಯ ಮೇಲೆ
ಬೇಡದಷ್ಟು ಆಕಾಶ.

ಪಾರದರ್ಶಕ ನಳಿಕೆ, ಖಾಲಿ ಜಾಡಿ ಹಿಡಿದು
ಬೇಲಿಯ ಹತ್ತಿರ ಸುಮ್ಮನೆ ನಿಂತೆ.
ನಳಿಕೆಯನ್ನು ನೋಡಿದ. ಕೈ ಒರೆಸಿಕೊಂಡ.
ಬಂದು ಡ್ರೈವರ್ ಸೀಟಿನಲ್ಲಿ ಕೂತ.

ಬಲಗಡೆ ಸ್ಟೀರಿಂಗಿನ ಜಪಾನೀ ವ್ಯಾನು;
ದೂರದ್ದು ಎಡ ಹಿಂಗಾಲು, ಮೊದಲು ಅದೇ.
ಚಕ್ರದ ಸಂದಿಯಿಂದ ಅವನ ಮುಖ ಕಾಣದು.
ಒತ್ತು, ಎಂದೆ.
ಹಿಡಿ.
ಕಾಲು ಸುತ್ತು ತಿರುಪಿದೆ, ಹರಿಯಿತು, ಬಿಗಿದೆ.
ಬಿಡು.
ಒತ್ತು. ಹಿಡಿ. ಬಿಡು.
ವರ್ಷದ ಮೇಲಿನ ಮೌನಕ್ಕೆ ಮೂರು ಮಾತು,
ಅವೂ ಆಜ್ಞೆ.
ಡಬ್ಬಿ ಬರಿದಾಗುವ ಮುನ್ನ ತಾನೇ ಇಳಿದು ತುಂಬಿದ,
ಬಣ್ಣದ ಮೇಲೆ ಸಿಡಿದ ಹನಿಗೆ ತಾನೇ ನೀರು ಹಾಕಿದ.

ನಾಲ್ಕೂ ಮುಗಿಯಿತು. ಎಣ್ಣೆ ಒಂದು ಲೀಟರು ಮುಗಿಯಿತು.
ಪೆಡಲು?
ಅದೇ ಹಿಟ್ಟು.

ಅವನು ಬೆನ್ನು ನೋವು ಮರೆತು
ನನ್ನ ಪಕ್ಕ ನೆಲಕ್ಕೆ ಒರಗಿ, ಟಾರ್ಚು ಬಿಟ್ಟು, ನೋಡಿದ.
‘ನಿಪ್ಪಲ್ಲು ಕೆಳಗಿದೆ, ತ್ಸಿಯುರಿ.’

ಹೌದು. ಹೋದ ಭಾನುವಾರ ಮುಂದಿನ ಕ್ಯಾಲಿಪರು ಎರಡನ್ನೂ
ಅಡುಗೆಮೇಜಿನ ಮೇಲೆ ಬಿಚ್ಚಿ, ತೊಳೆದು,
ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದೆ.
ಅಟ್ಟದಲ್ಲಿ ಕೂತ ಗಾಳಿಗೆ
ನೆಲಮಾಳಿಗೆಯ ಬಾಗಿಲು ತೆರೆದು
ಹೊರಗೆ ಬಾ, ಹೊರಗೆ ಬಾ ಎಂದು ಕರೆಯುತ್ತಿದ್ದೆ.
ನಲವತ್ತು ವರ್ಷ ಓಡಿಸಿದವಳು!
ಅವನು ನಗಲಿಲ್ಲ. ಹದಿನಾಲ್ಕರ ಸ್ಪ್ಯಾನರು ಕೊಟ್ಟ.

ಅದಲುಬದಲು ಮಾಡುವಷ್ಟರಲ್ಲಿ ಕತ್ತಲು.
ಹೊಸ ಸೀಸೆ ತನ್ನ ಮನೆಯಿಂದ ತಂದ.
ಜಾಡಿಯೊಳಗೆ ಮೊದಲು ಮೀನಿನ ಕಣ್ಣಿನಷ್ಟು ಗುಳ್ಳೆ,
ಆಮೇಲೆ ಸಾಸಿವೆ,
ಆಮೇಲೆ ಬರೀ ಜೇನುಬಣ್ಣದ ಎಣ್ಣೆ.

ಒತ್ತು, ಎಂದೆ.
ಗಾಜಿನಾಚೆಯ ಕತ್ತಲು ನೋಡುತ್ತ ಹೇಳಿದ:
‘ಮರ ಒಳಗೆಲ್ಲ ಟೊಳ್ಳಾಗಿತ್ತು.
ಅರ್ಧ ಬೆಲೆಯೇ ಕೊಟ್ಟದ್ದು ಅವನು.’
ನಿಜವೋ, ಈಗ ಹೊಳೆದದ್ದೋ.
ಮಣ್ಣಲ್ಲಿ ಮಲಗಿ ನಾನೇನು ಬಲ್ಲೆ.

ಹಿಡಿ, ಎಂದೆ.
‘ಹಿಡಿದಿದ್ದೇನೆ. ಕಲ್ಲಿನಂತಿದೆ.’
ಕೊನೆಯ ತಿರುಪು ಬಿಗಿದೆ.
ಬಿಡು ಎನ್ನಲು
ಸ್ವಲ್ಪ ತಡಮಾಡಿದೆ.